ಬೊಟ್ಟಿನ ಬಳಚು

ಮಗಳು ಏನು ಕೆಲಸ ಮಾಡುತ್ತಾಳೆ ಎಂದು ಯಾರಾದರೂ ಕೇಳಿದರೆ ತೋಡೂರಿನ ಕಮಲಿಗೆ ಉತ್ತರ ಹೇಳುವುದೇ ಒಂದು ಕಷ್ಟವಾಗಿತ್ತು. ಡಾಕ್ಟರ್ ಅಂದರೆ ಕೇಳಿದವರು ಕೂಡಲೇ ತಮ್ಮ ಮೊಣಕಾಲು ನೋವಿನ ಸುದ್ದಿ ತೆಗೆಯುತ್ತಿದ್ದರು. ಆ ಡಾಕ್ಟರ್ ಅಲ್ಲ ಅಂದರೆ, ಮತ್ತೆ ದನದ್ದಾ ಎಂದು ಕೇಳುತ್ತಿದ್ದರು. ದನದ್ದೂ ಅಲ್ಲ, ಬಳಚಿನದ್ದು ಅಂದಾಗ ಎದುರಿನವರ ಮುಖ ನೋಡಬೇಕಿತ್ತು. ಬಳಚು ಅಂದರೆ ಹೊಳೆ ಸಮುದ್ರ ಸೇರುವಲ್ಲಿ, ಕೆಸರಿನೊಳಗೆ ಸಿಗುವ ಚಿಪ್ಪು. ಬೇಯಿಸಿ, ಬಾಯಿ ಬಿಡಿಸಿ, ಕಾಯಿತುರಿ ಹಾಕಿ ಸುಕ್ಕೆ ಮಾಡಿದರೆ ಗಂಜಿಯ ಜೊತೆ ಎರಡು ಬಟ್ಟಲು ಹೆಚ್ಚೇ ಹೋಗುತ್ತದೆ. ಅದಕ್ಕೆ ಜ್ವರ ಬರುತ್ತದಾ, ಅದಕ್ಕೂ ಒಬ್ಬ ಡಾಕ್ಟರ್ ಬೇಕಾ?

ಪಕ್ಕದ ಮನೆಯ ಬೀರಿಯಂತೂ ಕಂಡ ಕಂಡಲ್ಲಿ ಹೇಳಿ ನಗುತ್ತಿದ್ದಳು, ಕಮಲಕ್ಕ ಬಳಚು ಮಾರಿ ಮಗಳನ್ನು ಓದಿಸಿದಳು, ಮಗಳು ಬಳಚನ್ನೇ ಓದಿದಳು ಎಂದು.

ಕಮಲಿ ಹುಟ್ಟಿದ್ದು ಅರ್ಗಾದಲ್ಲಿ, ಮದುವೆಯಾದದ್ದೂ ಅರ್ಗಾದಲ್ಲೇ. ಗಂಡ ಸುಕ್ರನ ಮನೆ ತವರಿನಿಂದ ಕೂಗಿದರೆ ಕೇಳುವಷ್ಟು ಹತ್ತಿರ. ಜಗಳವಾಡಿ ತವರಿಗೆ ಹೊರಟರೆ ಸಿಟ್ಟು ಇಳಿಯುವ ಮೊದಲೇ ತವರು ಬಂದುಬಿಡುತ್ತಿತ್ತು. ನೌಕಾನೆಲೆಗೆ ಜಾಗ ಹೋದಾಗ ಎರಡೂ ಮನೆ ಒಟ್ಟಿಗೇ ಹೋದವು. ತೋಡೂರಿನಲ್ಲಿ ಕೊಟ್ಟ ಜಾಗದಲ್ಲಿ ಸುಕ್ರ ಗೋಡೆ ಎಬ್ಬಿಸಿದ, ಕಮಲಿ ಮೊದಲ ದಿನವೇ ಅಂಗಳಕ್ಕೆ ಸಗಣಿ ಸಾರಿಸಿದಳು. ಗದ್ದೆ ಇಲ್ಲ, ಸುಕ್ರ ಕೂಲಿಗೆ ಹೋಗತೊಡಗಿದ. ಕಮಲಿ ಬೀರಿಯ ಬೆನ್ನು ಹಿಡಿದು ಹಟ್ಟಿಕೇರಿ ಹೊಳೆಗೆ ಬಳಚು ತೆಗೆಯಲು ಹೋಗತೊಡಗಿದಳು.

ಬಳಚು ತೆಗೆಯುವುದಕ್ಕೆ ಕಣ್ಣಿಗಿಂತ ಕಾಲು ಹೆಚ್ಚು ಬೇಕು. ಇಳಿತದ ಹೊತ್ತಿಗೆ ಸೀರೆ ಮೇಲೆ ಕಟ್ಟಿ, ಮೊಣಕಾಲುದ್ದ ನೀರಿನಲ್ಲಿ ನಿಂತು, ಪಾದದಿಂದ ಕೆಸರು ತಡವುತ್ತ ಹೋಗುವುದು. ಬೆರಳಿಗೆ ಗಟ್ಟಿಯಾದದ್ದು ತಾಗಿತೋ, ಬಗ್ಗಿ ತೆಗೆದು ಬುಟ್ಟಿಗೆ ಹಾಕುವುದು. ಕಾಲು ತನ್ನಷ್ಟಕ್ಕೆ ಹುಡುಕುತ್ತಿರುವುದರಿಂದ ಬಾಯಿಗೆ ಪೂರಾ ಬಿಡುವು. ಊರಿನ ಸೊಸೆಯಂದಿರ, ಅತ್ತೆಯಂದಿರ ಸುದ್ದಿಯೆಲ್ಲ ಆ ಹೊಳೆಯಲ್ಲೇ ತೊಳೆದು ಒಣಗುತ್ತಿತ್ತು.

ರಜೆಯ ದಿನ ಮಗಳು ಸುಮಿತಾ ಕೂಡ ಬರುತ್ತಿದ್ದಳು. ಆದರೆ ಅವಳ ಬುಟ್ಟಿ ತುಂಬಿದ್ದನ್ನು ಯಾರೂ ನೋಡಿಲ್ಲ. ಒಂದು ಬಳಚು ಸಿಕ್ಕಿದರೆ ಅದನ್ನೇ ಹಿಂದೆ ಮುಂದೆ ತಿರುಗಿಸುತ್ತ ನಿಂತುಬಿಡುವಳು. ಒಂದು ದಿನ, ಇದಕ್ಕೆ ಎಷ್ಟು ವಯಸ್ಸಾಗಿರಬಹುದು ಎಂದು ಕೇಳಿದಳು.

"ವಯಸ್ಸು ಕೇಳೂಕೆ ನೀ ಎಂತ ಹೆಣ್ಣು ನೋಡೂಕೆ ಬಂದ್ಯಾ?" ಎಂದಳು ಬೀರಿ.

ಹೊಳೆಯಲ್ಲಿದ್ದವರೆಲ್ಲ ನಕ್ಕರು. ಹುಡುಗಿ ಮಾತ್ರ ನಗಲಿಲ್ಲ. ಆ ಒಂದು ಪ್ರಶ್ನೆ ಹಿಡಿದುಕೊಂಡು ಅವಳು ಕಾರವಾರದ ಕಾಲೇಜು ಹತ್ತಿದಳು, ಸಮುದ್ರದ ಜೀವಿಗಳ ಬಗ್ಗೆ ಓದಿದಳು, ಹೆಸರಿನ ಮುಂದೆ ಡಾಕ್ಟರ್ ಹಾಕಿಸಿಕೊಂಡಳು, ಕಾರವಾರದಲ್ಲೇ ಸಂಶೋಧನೆಯ ನೌಕರಿ ಹಿಡಿದಳು. ಅಷ್ಟೆಲ್ಲ ಆಗಿ ಕೊನೆಗೆ ಎಲ್ಲಿಗೆ ಬಂದಳು ಅಂದರೆ, ಹಟ್ಟಿಕೇರಿ ಹೊಳೆಗೆ. ಸೀರೆ ಹೋಗಿ ಪ್ಯಾಂಟು ಬಂದಿತ್ತು, ಬುಟ್ಟಿ ಹೋಗಿ ಪ್ಲಾಸ್ಟಿಕ್ ಬಕೆಟ್ಟು ಬಂದಿತ್ತು, ಕೆಸರು ಅದೇ.

ಅವಳು ಮಾಡುತ್ತಿದ್ದ ಕೆಲಸ ಇಷ್ಟು. ಬಳಚು ಹಿಡಿಯುವುದು, ಅಳೆಯುವುದು, ತೂಗುವುದು, ಚಿಪ್ಪಿನ ಮೇಲೆ ಉಗುರಿಗೆ ಹಚ್ಚುವ ಕೆಂಪು ಬಣ್ಣದಿಂದ ಒಂದು ಬೊಟ್ಟು ಇಡುವುದು, ಮತ್ತೆ ಹೊಳೆಗೇ ಬಿಡುವುದು. ತಿಂಗಳಿಗೊಮ್ಮೆ ಬಂದು ಬೊಟ್ಟಿನವು ಎಷ್ಟು ಉಳಿದಿವೆ, ಎಷ್ಟು ಬೆಳೆದಿವೆ ಎಂದು ನೋಡುವುದು. ಹೋಗುವಾಗ ದಡದಲ್ಲಿ ನಿಂತು ಹೆಂಗಸರನ್ನು ಕೇಳುವಳು, ಬೊಟ್ಟಿನ ಬಳಚು ಯಾರ ಬುಟ್ಟಿಗಾದರೂ ಬಂತಾ? ಹೆಂಗಸರು ಮುಖ ಮುಖ ನೋಡಿಕೊಂಡು ಇಲ್ಲ ಅನ್ನುವರು. ಅವಳು ಬರೆದುಕೊಂಡು ಹೋಗುವಳು.

ಹಾಗೆ ಕೇಳುವಾಗ ಮಗಳ ಹಣೆಯ ಮೇಲೆ ಒಂದು ಗೆರೆ ಮೂಡುತ್ತಿತ್ತು. ಕಮಲಿ ಅದನ್ನು ಮೊದಲ ತಿಂಗಳೇ ಕಂಡಿದ್ದಳು. ಪಾಪ, ಇಷ್ಟು ಕಷ್ಟಪಟ್ಟು ಬೊಟ್ಟು ಇಟ್ಟು ಬಿಟ್ಟದ್ದನ್ನು ಯಾರಾದರೂ ಬೇಯಿಸಿಬಿಟ್ಟರೆ ಎಂದು ಹುಡುಗಿಗೆ ಹೆದರಿಕೆ, ಎಂದುಕೊಂಡಳು. ಅವರ ಕಡೆ ದೇವರಿಗೆಂದು ಬಿಟ್ಟದ್ದಕ್ಕೆ ಕುಂಕುಮದ ಬೊಟ್ಟು ಇಡುವ ಪದ್ಧತಿ. ಮರದ ಮೊದಲ ಮಾವಿನಕಾಯಿಯೋ, ಹರಕೆಯ ತೆಂಗಿನಕಾಯಿಯೋ, ಕೋಳಿಯೋ, ಒಮ್ಮೆ ಬೊಟ್ಟು ಬಿತ್ತು ಅಂದರೆ ಮನೆಯ ಮಕ್ಕಳು ಕೂಡ ಕೈ ಹಾಕುವುದಿಲ್ಲ. ಹಾಗಾಗಿ ಕಮಲಿ ಹೆಂಗಸರಿಗೆ ಬಿಡಿಸಿ ಹೇಳಬೇಕಾಗಲೇ ಇಲ್ಲ. ಆದರೂ ಒಂದು ಮಾತು ಹೇಳಿ ಇಟ್ಟಳು, ಅದು ನನ್ನ ಮಗಳು ಬಿಟ್ಟದ್ದು, ಕಾಲಿಗೆ ಸಿಕ್ಕಿದರೆ ಅಲ್ಲೇ ಬಿಡಿ ಎಂದು. ಬಿಟ್ಟರು. ಮಗಳಿಗೆ ಮಾತ್ರ ಹೇಳಲಿಲ್ಲ. ಮಾಡಿದ ಉಪಕಾರವನ್ನು ಮಗಳೆದುರು ಆಡಿ ತೋರಿಸಬಾರದು ಎಂದು.

ವರ್ಷಗಳು ಕಳೆದವು. ಸುಮಿತಾಳ ತಲೆಯಲ್ಲೂ ಬಿಳಿ ಕೂದಲು ಕಂಡಿತು. ಕಳೆದ ಬೇಸಿಗೆಯ ಹಿಂದಿನ ಬೇಸಿಗೆಯಲ್ಲಿ ಸುದ್ದಿ ಬಂತು. ಗಿಡ, ಪ್ರಾಣಿ, ಮೀನು, ಹುಳ ಎಂದು ಜೀವಿಗಳ ಅಧ್ಯಯನಕ್ಕೇ ಆಯುಷ್ಯ ಕೊಟ್ಟವರನ್ನು ಗುರುತಿಸಿ ಗೌರವಿಸುವ ಒಂದು ದೊಡ್ಡ ಮಂಡಳಿ, ಆ ವರ್ಷ ಸುಮಿತಾಳನ್ನು ಆರಿಸಿತ್ತು. ಸಮಾರಂಭ ಮೈಸೂರಿನಲ್ಲಿ.

ಊರಿನ ಯುವಕ ಸಂಘಕ್ಕೆ ತುಳಸಿದಾಸ ಎಂಬವನು ಅಧ್ಯಕ್ಷ. ಮೊಮ್ಮಕ್ಕಳಾದರೂ ಯುವಕ ಸಂಘ ಬಿಟ್ಟವನಲ್ಲ. ಮೈಸೂರಿನವರು ಶಾಲು ಹೊದಿಸುವ ಮೊದಲು ನಮ್ಮವರು ಹೊದಿಸಬೇಕು ಎಂದು ಅವನು ಹಟ ಹಿಡಿದ. ಎಲ್ಲ ಕಡೆಯವರಿಗೂ ಬಸ್ಸಿಗೆ ಅನುಕೂಲವಾಗಲಿ ಎಂದು ಅಂಕೋಲಾದಲ್ಲಿ ಹಾಲು ಹಿಡಿದ. ಹೆದ್ದಾರಿಯ ಬದಿಗೆ ಬ್ಯಾನರು ಕಟ್ಟಿಸಿದ. ಬ್ಯಾನರಿನಲ್ಲಿ ಸುಮಿತಾಳಿಗಿಂತ ತುಳಸಿದಾಸನ ಮುಖವೇ ದೊಡ್ಡದಿತ್ತು.

ಕಮಲಿಗೆ ಬ್ಯಾನರೂ ಬೇಡ, ಶಾಲೂ ಬೇಡ. ಅವಳಿಗೆ ಬೇಕಾದದ್ದು ಒಂದೇ. ಇಷ್ಟು ವರ್ಷ ಜನ ಕೇಳಿದ್ದಕ್ಕೆ ತಾನು ಹೇಳಲಾಗದ ಉತ್ತರವನ್ನು ಆ ದಿನ ಯಾರಾದರೂ ವೇದಿಕೆಯ ಮೇಲೆ ನಿಂತು, ತನಗೂ ಬೀರಿಗೂ ತಿಳಿಯುವ ಹಾಗೆ ಹೇಳಿಬಿಡಬೇಕು. ಮಗಳು ಏನು ಮಾಡಿದಳು ಎಂದು ನಾಲ್ಕು ಜನರ ಎದುರು ತಿಳಿಯಬೇಕು.

ಆ ದಿನ ಹಾಲು ತುಂಬಿತ್ತು. ಬಳಚಿನ ಹೆಂಗಸರೆಲ್ಲ ಹೊಸ ಸೀರೆ ಉಟ್ಟು ಎರಡನೆಯ ಸಾಲು ಹಿಡಿದಿದ್ದರು. ಕಮಲಿ, ಸುಕ್ರ ಮುಂದಿನ ಸಾಲಿನಲ್ಲಿ. ತುಳಸಿದಾಸ ಮೊದಲು ಮಾತಾಡಿ, ಸುಮಿತಾ ಅನೇಕ ರೋಗಗಳಿಗೆ ಔಷಧ ಕಂಡುಹಿಡಿದಿದ್ದಾಳೆ ಎಂದ. ಸುಮಿತಾ ತಲೆ ತಗ್ಗಿಸಿ ಕುಳಿತಳು. ಆಮೇಲೆ ಕಾರವಾರದ ಕಾಲೇಜಿನಿಂದ ಬಂದ ಒಬ್ಬ ಮಾಸ್ತರು ಎದ್ದರು. ಅವರ ಮಾತು ತಿಳಿಯಾಗಿತ್ತು. ಎಷ್ಟೋ ಹೊಳೆಗಳಲ್ಲಿ ಬಳಚು ಕಮ್ಮಿಯಾಗುತ್ತಿದೆ, ಹೆಂಗಸರು ಗೋರಿಕೊಂಡು ಹೋಗುವುದೇ ಕಾರಣ ಎಂದು ಎಲ್ಲರೂ ಹೇಳುತ್ತಿದ್ದರು. ಸುಮಿತಾ ಬಳಚಿಗೆ ಬೊಟ್ಟು ಇಟ್ಟು ವರ್ಷಗಟ್ಟಲೆ ಕಾದು ನೋಡಿದರು. ಬೊಟ್ಟಿನವು ಹೆಂಗಸರ ಬುಟ್ಟಿಗೆ ಬೀಳುವುದೇ ಇಲ್ಲ ಅನ್ನುವಷ್ಟು ಕಮ್ಮಿ. ಅಂದರೆ ನಮ್ಮ ಹೆಂಗಸರು ತೆಗೆಯುವುದರಿಂದ ಹೊಳೆಗೆ ನಷ್ಟವಿಲ್ಲ ಎಂದು ತೋರಿಸಿಕೊಟ್ಟರು. ಅವರು ಮಾಡಿದ ಕೆಲಸ ಬೇರೆ ಬೇಕಾದಷ್ಟಿದೆ, ಆದರೆ ಹೆಸರು ತಂದದ್ದು ಇದು.

ಕಮಲಿಗೆ ಮೊದಲ ಬಾರಿ ಎಲ್ಲವೂ ಅರ್ಥವಾಯಿತು. ಮಗಳು ಓದಿದ್ದು ಬಳಚನ್ನಲ್ಲ, ತಮ್ಮನ್ನೇ. ತಮ್ಮ ಮೇಲಿನ ಗೂಬೆ ಇಳಿಸಿದ್ದಳು. ಕಮಲಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಊರಿನವರ ಪರವಾಗಿ ಒಬ್ಬರು ಎರಡು ಮಾತಾಡಬೇಕು ಎಂದಾಗ ಎಲ್ಲರೂ ಬೀರಿಯನ್ನು ಎಬ್ಬಿಸಿದರು. ಬೀರಿ ಮೈಕನ್ನು ಮುಷ್ಟಿಯಲ್ಲಿ ಬಿಗಿಹಿಡಿದಳು.

"ನಂಗೆ ಮಾತಾಡೂಕೆ ಬತ್ತಿಲ್ಲ. ಒಂದ್ ಮಾತು ಹೇಳ್ತೆ. ನಮ್ ಸುಮಿತಾ ಬೊಟ್ಟು ಇಟ್ಟಿದ್ ಬಳಚು ಇಷ್ಟು ವರ್ಷದಲ್ಲಿ ನಾವ್ ಒಬ್ರೂ ಮನೆಗೆ ತಕಂಡು ಹೋಗ್ಲಿಲ್ಲ. ಕಾಲಿಗೆ ಎಷ್ಟ್ ಸಿಕ್ಕಿದ್ರೂ ಅಲ್ಲೇ ಬಿಟ್ವು. ನನ್ ಸೊಸೆ ಗೊತ್ತಿಲ್ದೆ ಒಂದ್ ತಂದಿದ್ಲು. ಹೋಗಿ ಬಿಟ್ ಬಾ, ಆಮೇಲೆ ಊಟ ಅಂದೆ. ಹೋಗಿ ಬಿಟ್ ಬಂದ್ಲು."

ಹಾಲೆಲ್ಲ ಚಪ್ಪಾಳೆ. ಎರಡನೆಯ ಸಾಲಿನ ಹೆಂಗಸರು ನಾನೂ ಬಿಟ್ಟಿದ್ದೆ, ನಾನೂ ಬಿಟ್ಟಿದ್ದೆ ಎಂದು ಕೈ ಎತ್ತಿದರು. ಕಮಲಿಯೂ ಎತ್ತಿದಳು. ಎತ್ತಿದ ಕೈಯ ಕೆಳಗಿಂದ ಮಗಳ ಮುಖ ನೋಡಿದಳು. ಒಲೆಯಿಂದ ಇಳಿಸಿದ ಹಾಲಿನ ಹಾಗೆ ಆ ಮುಖದ ನಗು ಕೆಳಗೆ ಕೂತಿತ್ತು. ಮಾಸ್ತರು ಮೇಜಿನ ಮೇಲಿದ್ದ ನೀರಿನ ಬಾಟಲಿಯ ಮುಚ್ಚಳ ತೆಗೆಯುತ್ತ ಹಾಕುತ್ತ ಕುಳಿತಿದ್ದರು. ಸುಮಿತಾ ಎದ್ದು ಎಲ್ಲರಿಗೂ ಕೈ ಮುಗಿದಳು. ತುಂಬ ಉಪಕಾರ ಆಯಿತು ಎಂದಷ್ಟೇ ಹೇಳಿ ಕೂತಳು.

ಮನೆಗೆ ಬಂದು ಕಾಲು ತೊಳೆಯುವ ಮೊದಲೇ ಕಮಲಿ ಮಗಳನ್ನು ಕೇಳಿದಳು.

"ಎಂತ ಆಯ್ತು ತಂಗಿ? ಬೀರಿ ಹೇಳಿದ್ದು ಚಂದ ಆಗ್ಲಿಲ್ವಾ?"

ಸುಮಿತಾ ಜಗಲಿಯ ಮೇಲೆ ಕುಳಿತು ನಿಧಾನಕ್ಕೆ ಬಿಡಿಸಿ ಹೇಳಿದಳು. ಬೊಟ್ಟು ಇಟ್ಟದ್ದು ಬಳಚನ್ನು ಕಾಯುವುದಕ್ಕಲ್ಲ. ಬೇರೆ ಬಳಚಿನ ಜೊತೆ ಅವೂ ಬುಟ್ಟಿಗೆ ಬೀಳಬೇಕು. ಬೊಟ್ಟಿನವು ಎಷ್ಟು ಬಿದ್ದವು ಎಂದು ನೋಡಿದರೆ ಹೊಳೆಯಿಂದ ಒಟ್ಟು ಎಷ್ಟು ಹೋಗುತ್ತದೆ ಎಂಬ ಅಂದಾಜು ಸಿಗುತ್ತದೆ. ಅವನ್ನೇ ಆರಿಸಿ ಬಿಟ್ಟರೆ, ಹೊಳೆಯಲ್ಲಿ ಯಾರೂ ಏನೂ ತೆಗೆಯುವುದಿಲ್ಲ ಎಂದು ಆಗುತ್ತದೆ. ಆಗಿದ್ದೇ ಅದು. ಹಾಗೆಂದೇ ಅವಳು ಬರೆದಿದ್ದಳು, ಅದನ್ನೇ ದೊಡ್ಡವರೆಲ್ಲ ಒಪ್ಪಿದ್ದರು.

"ಮತ್ತೆ ನೀ ಎಂತಕ್ಕೆ ಅಷ್ಟ್ ಚಿಂತೆ ಮಾಡ್ಕಂಡು ಕೇಳ್ತಿದ್ದೆ, ಸಿಕ್ತಾ ಸಿಕ್ತಾ ಅಂತ?"

"ಸಿಗ್ತಿಲ್ವಲಾ ಅಂತ ಚಿಂತೆ, ಆಯಿ."

ಕಮಲಿ ಬಾಗಿಲ ದಾರಂದಕ್ಕೆ ಒರಗಿದಳು. ಕೊನೆಗೆ ಅವಳು, "ನೀ ಇಟ್ಟ ಬೊಟ್ಟು ತಂಗಿ. ಅದ್ನ ನಾ ಹೆಂಗ್ ಬೇಯ್ಸ್ಲಿ?" ಎಂದಳು.

ಸುಮಿತಾ ಸಿಟ್ಟು ಮಾಡಬೇಕೆಂದಿದ್ದಳೋ ಏನೋ, ಆ ಮಾತು ಕೇಳಿ ಆಗಲಿಲ್ಲ. ತಪ್ಪು ತನ್ನದೂ ಹೌದು ಅಂದಳು. ಬೇರೆ ಊರಿನ ಹೊಳೆಯಾಗಿದ್ದರೆ ಹೆಂಗಸರನ್ನು ಕೂರಿಸಿ ಎಲ್ಲ ವಿವರಿಸುತ್ತಿದ್ದೆ, ನಮ್ಮವರಲ್ಲವಾ, ಇವರಿಗೇನು ಹೇಳುವುದು ಎಂದುಕೊಂಡೆ ಅಂದಳು. ಆಮೇಲೆ ಫೋನು ತೆಗೆದುಕೊಂಡು ತೆಂಗಿನ ಮರದ ಬುಡಕ್ಕೆ ಹೋಗಿ, ಮೈಸೂರಿನ ಮಂಡಳಿಯ ಹಿರಿಯ ಮೇಡಂ ಒಬ್ಬರಿಗೆ ನಡೆದದ್ದನ್ನು ನಡೆದ ಹಾಗೇ ಹೇಳಿಬಿಟ್ಟಳು.

ಮೇಡಂ ಬೈಯಲಿಲ್ಲ. ಆದರೆ ಗೌರವ ಈ ವರ್ಷ ತಡೆದಿಡುತ್ತೇವೆ, ತಪ್ಪನ್ನು ಸರಿಮಾಡಿ ಬರೆಯಿರಿ, ಬರುವ ವರ್ಷ ಹೊಸದಾಗಿ ನೋಡೋಣ ಅಂದರು. ಕೊಡುತ್ತೇವೆ ಎಂದೂ ಹೇಳಲಿಲ್ಲ, ಕೊಡುವುದಿಲ್ಲ ಎಂದೂ ಹೇಳಲಿಲ್ಲ.

ಮರುದಿನ ಬೆಳಿಗ್ಗೆಯೇ ತುಳಸಿದಾಸ ಓಡಿ ಬಂದ. ಬ್ಯಾನರು ಇನ್ನೂ ಇಳಿಸಿಲ್ಲ, ಊರಿನ ಮರ್ಯಾದೆ ಏನಾಗಬೇಕು ಎಂದು ಅವನ ಗೋಳು. "ನೀ ಹೇಳ್ದೆ ಇದ್ದಿದ್ರೆ ಯಾರಿಗ್ ಗೊತ್ತಾಗ್ತಿತ್ತು?" ಎಂದು ಸುಮಿತಾಳನ್ನು ಕೇಳಿದ.

ಸುಕ್ರ ಅಂಗಳದಲ್ಲಿ ಕತ್ತಿ ಮಸೆಯುತ್ತಿದ್ದ. ತಲೆ ಎತ್ತದೆ, "ಬಳಚಿಗೆ ಗೊತ್ತಿತ್ತಲ" ಎಂದ.

ಕಮಲಿಗೆ ಆ ಎರಡು ದಿನ ಅನ್ನ ಸೇರಲಿಲ್ಲ. ಮಗಳಿಗೆ ಬರಬೇಕಾದ ಹೆಸರನ್ನು ತಾನೇ ಕೈಯಾರೆ ತಪ್ಪಿಸಿದೆ ಎಂದು ಒಳಗೊಳಗೇ ಕುದಿದಳು. ಬೀರಿಯ ಮನೆಗೆ ಹೋಗಿ ಜಗಳವನ್ನೂ ಆಡಿ ಬಂದಳು. ನೀನು ಮೈಕಿನಲ್ಲಿ ಎಂತಕ್ಕೆ ಹೇಳಿದೆ ಎಂದು ಇವಳು, ನೀನು ಬಿಡಿ ಎಂದು ಎಂತಕ್ಕೆ ಹೇಳಿದೆ ಎಂದು ಅವಳು. ಮೂರನೆಯ ದಿನ ಸುಮಿತಾ ಮೊದಲಿಂದ ಶುರುಮಾಡುತ್ತೇನೆ, ಒಂದು ವರ್ಷ ಬೇಕು ಎಂದಾಗ ಕಮಲಿ ಚೊಂಬು ನೀರು ಗಟಗಟ ಕುಡಿದು, ಸೆರಗು ಸಿಕ್ಕಿಸಿ ಹೊರಟಳು. ತಾನು ಕೆಡಿಸಿದ್ದನ್ನು ತಾನೇ ಕೂಡಿಸಬೇಕು.

ಹೆಂಗಸರನ್ನೆಲ್ಲ ಹೊಳೆಯ ದಡದಲ್ಲಿ ಸೇರಿಸಿದಳು. ಇನ್ನು ಮೇಲೆ ಬೊಟ್ಟಿನದು ಸಿಕ್ಕಿದರೂ ಬುಟ್ಟಿಗೇ ಹಾಕಬೇಕು, ದಡಕ್ಕೆ ಬಂದು ಸುಮಿತಾಳಿಗೆ ತೋರಿಸಿ, ಆಮೇಲೆ ಬೇಕಾದರೆ ಸುಕ್ಕೆ ಮಾಡಿಕೊಳ್ಳಿ ಎಂದಳು. ಯಾರೂ ಹೂಂ ಅನ್ನಲಿಲ್ಲ. ಇಷ್ಟು ವರ್ಷ ಮುಟ್ಟದ ಬೊಟ್ಟನ್ನು ಇವತ್ತಿನಿಂದ ಬೇಯಿಸಿ ಅಂದರೆ ಹೇಗೆ? ಒಬ್ಬಳಂತೂ ತನ್ನ ಸೊಸೆ ಬಸುರಿ, ಈ ವರ್ಷ ಮಾತ್ರ ತನ್ನಿಂದ ಆಗದು ಎಂದು ಕೈ ಮುಗಿದುಬಿಟ್ಟಳು. ಇದು ಕುಂಕುಮವಲ್ಲ, ಅಂಗಡಿಯ ಬಣ್ಣ ಎಂದು ಸುಮಿತಾ ಎಷ್ಟು ಹೇಳಿದರೂ ಹೆಂಗಸರು ಕಾಲಿನಿಂದ ಮರಳು ಕೆದಕುತ್ತ ನಿಂತರು. ಕೊನೆಗೆ ಬೀರಿಯೇ ದಾರಿ ತೋರಿಸಿದಳು.

"ಕೆಂಪು ಬೇಡ ಮಾರಾಯ್ತಿ. ನೀಲಿ ಹಚ್ಚು. ನೀಲಿ ಬೊಟ್ಟು ನಾವ್ ಯಾವ್ ದೇವ್ರಿಗೂ ಇಡೂದಿಲ್ಲ."

ಸುಮಿತಾ ಅಂಕೋಲಾ ಪೇಟೆಗೆ ಹೋಗಿ, ಫ್ಯಾನ್ಸಿ ಅಂಗಡಿಯಲ್ಲಿದ್ದ ನೀಲಿ ಬಣ್ಣದ ಶೀಶೆಗಳನ್ನೆಲ್ಲ ತಂದಳು. ಯಾವ ಹುಡುಗಿಯರೂ ಕೇಳದೆ ಧೂಳು ಹಿಡಿದಿದ್ದ ಶೀಶೆಗಳು. ಮನೆಯಲ್ಲಿ ಯಾರದಾದರೂ ಮದುವೆಯಾ ಎಂದು ಅಂಗಡಿಯವನು ಕೇಳಿದನಂತೆ.

ನೀಲಿ ಬೊಟ್ಟು ನಡೆಯಿತು. ಮೊದಲ ದಿನ ಕಮಲಿಯ ಕಾಲಿಗೇ ಒಂದು ಸಿಕ್ಕಿತು. ಎತ್ತಿ ಹಿಡಿದಳು, ದಪ್ಪ ಬಳಚು. ಕೈ ತನ್ನಷ್ಟಕ್ಕೆ ನೀರಿನ ಕಡೆಗೇ ಹೋಯಿತು. ಪಕ್ಕದಲ್ಲಿದ್ದ ಬೀರಿ ಆ ಮಣಿಕಟ್ಟನ್ನು ಹಿಡಿದು ಬುಟ್ಟಿಯ ಮೇಲೆ ತಂದು ಬಿಟ್ಟಳು. ಆಮೇಲೆ ಕಮಲಿ ಪೊಲೀಸೇ ಆದಳು. ಮಳೆಗಾಲ ಬಂದರೂ ಬಿಸಿಲು ಬಂದರೂ ದಡದಲ್ಲಿ ಮಗಳ ಪಕ್ಕ ಕೂತು, ಬುಟ್ಟಿ ತೋರಿಸದೆ ಯಾರನ್ನೂ ಮನೆಗೆ ಬಿಡಲಿಲ್ಲ. ಗಂಡ ಕಾಯುತ್ತಾನೆ ಅಂದರೆ, ಕಾಯಲಿ, ಇಷ್ಟು ವರ್ಷ ನೀನು ಕಾದಿಲ್ಲವಾ ಎನ್ನುತ್ತಿದ್ದಳು.

ವರ್ಷ ತುಂಬಿದಾಗ ತಿಳಿದದ್ದು ಸಿಹಿ ಸುದ್ದಿಯೇನೂ ಆಗಿರಲಿಲ್ಲ. ನೀಲಿ ಬೊಟ್ಟಿನವು ಸುಮಾರು ಅರ್ಧದಷ್ಟು ಬುಟ್ಟಿಗೆ ಬಂದಿದ್ದವು. ಹಾಲಿನಲ್ಲಿ ಮಾಸ್ತರು ಹೇಳಿದ್ದಕ್ಕೆ ಪೂರಾ ಉಲ್ಟಾ. ಬೀರಿಯ ಮುಖ ಬಿಗಿಯಿತು. ಹಾಗಾದರೆ ಬಳಚು ಕಮ್ಮಿಯಾದದ್ದಕ್ಕೆ ನಾವೇ ಕಾರಣ ಎಂದು ಬರೆಯುತ್ತೀಯಾ ಎಂದು ಕೇಳಿದಳು. ಬುಟ್ಟಿಗೆ ಬಂದದ್ದನ್ನು ಬಂದ ಹಾಗೆ ಬರೆಯಲೇಬೇಕು ಎಂದಳು ಸುಮಿತಾ. ಆದರೆ ನೀವು ವರ್ಷಗಟ್ಟಲೆ ಬಿಟ್ಟ ಕೆಂಪು ಬೊಟ್ಟಿನವು ಎಷ್ಟು ದೊಡ್ಡದಾಗಿವೆ, ಎಷ್ಟು ಉಳಿದಿವೆ, ಅದನ್ನೂ ಬರೆಯುತ್ತೇನೆ. ಬಿಟ್ಟರೆ ಹೊಳೆ ತುಂಬುತ್ತದೆ ಎಂದು ತೋರಿಸಿದವರೂ ನೀವೇ. ಬೇಕೆಂದೇ ಯಾರನ್ನಾದರೂ ಹಾಗೆ ಬಿಡಿ ಎಂದು ಕೇಳಿದ್ದರೆ ಯಾವ ಊರಿನವರೂ ಬಿಡುತ್ತಿರಲಿಲ್ಲ.

ಹೆಂಗಸರು ಅದನ್ನು ಕೇಳಿ ಒಂದು ವಾರ ತಮ್ಮತಮ್ಮಲ್ಲೇ ಜಗಳವಾಡಿದರು. ಆಮೇಲೆ ಹೊಳೆಯ ಮೇಲಿನ ತಿರುವಿನಿಂದ ಆಚೆ ಮಳೆಗಾಲ ಕಳೆಯುವವರೆಗೆ ಯಾರೂ ಕಾಲು ಹಾಕಬಾರದು ಎಂದು ಒಪ್ಪಿದರು. ಒಪ್ಪಿದ್ದನ್ನು ಮುರಿಯುವವರು ಇಲ್ಲದಿಲ್ಲ, ಆದರೆ ಅಲ್ಲಿ ಕಮಲಿಯ ಕಣ್ಣು ಇದ್ದೇ ಇದೆ.

ಸುಮಿತಾ ಎಲ್ಲವನ್ನೂ ಬರೆದು ಕಳಿಸಿದಳು. ಮೊದಲು ತಪ್ಪು, ಆಮೇಲೆ ತಪ್ಪಿನಿಂದ ತಿಳಿದದ್ದು. ಕಳಿಸಿದ ಮೇಲೆ ಬಹಳ ದಿನ ಏನೂ ಬರಲಿಲ್ಲ. ಕಮಲಿ ದೇವರಿಗೆ ಹೇಳಿಕೊಳ್ಳಲೂ ನಾಚಿದಳು, ತಾನೇ ಮಾಡಿಟ್ಟ ಗೊಂದಲಕ್ಕೆ ಯಾವ ಬಾಯಿಯಿಂದ ಕೇಳುವುದು ಎಂದು. ಒಂದು ದಿನ ಮಧ್ಯಾಹ್ನ ಅದೇ ಮೇಡಂ ಫೋನು ಮಾಡಿದರು. ಮೈಸೂರಿಗೆ ಬರಬೇಕು, ಬರುವಾಗ ತಾಯಿಯನ್ನೂ ಕರೆದುಕೊಂಡು ಬನ್ನಿ ಅಂದರು. ಸುಕ್ರನೂ ಹೊರಟ. ಬೀರಿಯನ್ನೂ ಕರೆದುಕೊಂಡು ಹೋಗಬೇಕೆಂದು ಕಮಲಿಗಿತ್ತು. ಸೊಸೆಯ ಬಾಣಂತನ ಬಿಟ್ಟು ಅವಳು ಹೊರಡುವ ಹಾಗಿರಲಿಲ್ಲ. ಬಸ್ ಸ್ಟ್ಯಾಂಡಿನವರೆಗೆ ಬಂದು, ಏನೇನು ಆಯಿತು ಎಂದು ಒಂದೂ ಬಿಡದೆ ನೋಡಿಕೊಂಡು ಬಾ ಎಂದು ಕಮಲಿಗೆ ಹೇಳಿ ಕಳಿಸಿದಳು.

ಮೈಸೂರಿನ ಆ ಹಾಲಿನಲ್ಲಿ ಬ್ಯಾನರು ಚಿಕ್ಕದು, ಜನ ಬಹಳ. ಕಪ್ಪೆಯ ಬಗ್ಗೆ ದುಡಿದವರೊಬ್ಬರಿಗೆ ಗೌರವ ಆಯಿತು. ಭತ್ತದ ರೋಗ ನೋಡುತ್ತ ಬೆನ್ನು ಬಗ್ಗಿದ ಮುದುಕರೊಬ್ಬರಿಗೆ ಆಯಿತು. ಅವರು ವೇದಿಕೆ ಹತ್ತುವಾಗ ಹೆಂಡತಿ ಹಿಂದಿನಿಂದ ಅಂಗಿಯ ಕಾಲರು ಸರಿಮಾಡಿದ್ದನ್ನು ಕಮಲಿ ಕಂಡಳು. ಆಮೇಲೆ ಸುಮಿತಾಳ ಹೆಸರು ಕರೆದರು. ಅವಳು ಗೌರವ ಸ್ವೀಕರಿಸಿ ಇಂಗ್ಲಿಷಿನಲ್ಲಿ ಮಾತಾಡಿದಳು. ಕಮಲಿಗೆ ಒಂದಕ್ಷರ ತಿಳಿಯಲಿಲ್ಲ. ನಡುವೆ ಬಳಚು ಎಂಬ ಮಾತು ಬಂತು, ಬೊಟ್ಟು ಎಂಬುದು ಬಂತು, ಆಮೇಲೆ ತನ್ನ ಹೆಸರೂ ಬಂತು. ಕೂಡಲೇ ಇಡೀ ಹಾಲು ನಕ್ಕಿತು. ಎದುರಿನ ಸಾಲಿನವರು ಹಿಂದೆ ತಿರುಗಿ ಅವಳನ್ನು ಹುಡುಕಿದರು. ನಗುತ್ತಿರುವುದು ತನ್ನನ್ನೇ ನೋಡಿ ಎಂದು ತಿಳಿದ ಮೇಲೆ ಕಮಲಿಯೂ ನಕ್ಕಳು. ಎದ್ದು ನಿಂತು ಕೈ ಮುಗಿದಳು. ಚಪ್ಪಾಳೆ ನಿಲ್ಲುವವರೆಗೂ ಕೂರಲಿಲ್ಲ. ಸುಕ್ರ ಸೀರೆಯ ಚುಂಗು ಎಳೆದು ಕೂರಿಸಬೇಕಾಯಿತು.

ಮಗಳು ಕೆಳಗಿಳಿದು ಬಂದು ಪಕ್ಕದಲ್ಲಿ ಕುಳಿತಳು.

"ಎಂತ ಹೇಳ್ದೆ?" ಎಂದು ಕಮಲಿ ಪಿಸುಗುಟ್ಟಿದಳು.

"ನೀ ಮಾಡಿದ್ದು ಹೇಳ್ದೆ."

"ಎಲ್ಲಾ?"

"ಎಲ್ಲಾ."

ಕಮಲಿ ಒಂದು ಗಳಿಗೆ ಯೋಚಿಸಿದಳು.

"ಬೀರಿ ಹೆಸ್ರು ಹೇಳ್ದ್ಯಾ? ಇಲ್ದಿದ್ರೆ ಈಗ್ಲೇ ಹೋಗಿ ಹೇಳಿ ಬಾ. ಅವ್ಳು ಊರಲ್ಲಿ ನಂಗೆ ಬದ್ಕೂಕೆ ಬಿಡೂದಿಲ್ಲ."